ತಪ್ಪು ಗೋಡೆಯ ಮೆಹ್ರಾಬು

ಆ ಮರದ ಮೆಹ್ರಾಬನ್ನು ಆಸ್ಪತ್ರೆಯ ಗೋಡೆಗೆ ಹಾಕಿಸಿದವನು ನನ್ನ ಭಾವ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಯಾರು ಏನು ಎಡವಟ್ಟು ಮಾಡಿದರೂ ಊಟ ಮುಗಿಯುವಷ್ಟರಲ್ಲಿ ಅದು ಬಂದು ನನ್ನ ತಲೆಯ ಮೇಲೆ ಕೂತಿರುತ್ತದೆ.

ಅಕ್ಕನ ಗಂಡ ಎಂಬ ಒಂದೇ ಯೋಗ್ಯತೆಯ ಮೇಲೆ ಭಾವ ನಮ್ಮ ಮರಗೆಲಸದ ಶೆಡ್ಡಿಗೆ ಮ್ಯಾನೇಜರ್ ಆಗಿದ್ದಾನೆ. ಜನ್ಮದಲ್ಲಿ ಉಳಿ ಹಿಡಿದವನಲ್ಲ. ಗಿರಾಕಿಯ ಮುಂದೆ ಕೂತನೆಂದರೆ ಮಾತ್ರ, ಮರವನ್ನು ಬೀಜ ಹಾಕಿ ತಾನೇ ಬೆಳೆಸಿದವನ ಹಾಗೆ ಮಾತಾಡುತ್ತಾನೆ. ಅಪ್ಪ ಮಸೀದಿಗಳಿಗೆ ಬಾಗಿಲು, ಜಾಲರಿ, ಪ್ರವಚನದ ಮೆಟ್ಟಿಲುಪೀಠ ಮಾಡಿಕೊಂಡು ಬಂದವನು. ಈಗಿನವರಿಗೆ ಅದೇ ಕುಸುರಿ ಮನೆಯ ಗೋಡೆಗೂ ಬೇಕು. ಗುಮ್ಮಟದ ಆಕಾರದ ಕನ್ನಡಿ, ಮಿನಾರಿನ ಆಕಾರದ ದೀಪ. ಒಬ್ಬ ಮಸೀದಿಯ ಬಾಗಿಲಿನಂಥ ಚಪ್ಪಲಿ ಸ್ಟ್ಯಾಂಡ್ ಬೇಕೆಂದು ಬಂದಿದ್ದ. ಅವನನ್ನು ಕರೆತಂದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಅಪ್ಪ ಇಬ್ಬರನ್ನೂ ಗೇಟಿನವರೆಗೆ ಅಟ್ಟಿಕೊಂಡು ಹೋದ.

ಆಸ್ಪತ್ರೆಯ ಡಾಕ್ಟರಮ್ಮನಿಗೆ, ರೋಗಿಗಳ ಕಡೆಯವರು ಕಾಯುವ ಹಾಲಿನ ಬೋಳು ಗೋಡೆ ನೋಡಿ ನೋಡಿ ಬೇಸರವಾಗಿತ್ತಂತೆ. ಮಸೀದಿಯ ಕೆತ್ತನೆಯಂಥದ್ದೇನಾದರೂ ಮಾಡಿಕೊಡಿ ಎಂದಿದ್ದರು. ಭಾವ ಫೋನಿನಲ್ಲಿ ಫೋಟೊ ಹೊಡೆದುಕೊಂಡು ಅಳತೆ ತಂದ. ಅಪ್ಪನ ಹಳೆಯ ನಕ್ಷೆಗಳನ್ನು ಬಿಟ್ಟು ಮೊದಲ ಸಲ ನಾನೇ ಬರೆದೆ. ನಡುವೆ ಆಳೆತ್ತರದ ಚೂಪು ಕಮಾನು, ಅದರೊಳಗೆ ಜೇನುಗೂಡಿನಂತೆ ಪದರ ಪದರವಾಗಿ ಒಳಕ್ಕೆ ಇಳಿಯುವ ಗೂಡು, ಸುತ್ತ ಹತ್ತು ಮೂಲೆಯ ನಕ್ಷತ್ರಗಳು. ಎಂಟನೇ ಕ್ಲಾಸಿನಲ್ಲಿ ನನ್ನ ಕೈಯಿಂದ ನೆಟ್ಟಗೆ ಒಂದು ವೃತ್ತ ಬರೆಸಲಾಗದೆ ಕೈಬಿಟ್ಟ ಮೇಷ್ಟ್ರು ಅದನ್ನು ನೋಡಬೇಕಿತ್ತು. ಒಂದು ಮೊಳೆ ಇಲ್ಲ, ಒಂದು ಹನಿ ಅಂಟಿಲ್ಲ. ಒಂದು ತುಂಡಿನ ನಾಲಿಗೆ ಇನ್ನೊಂದರ ಕಚ್ಚಿನೊಳಗೆ ಕೂತು, ಎಲ್ಲವೂ ಒಂದನ್ನೊಂದು ಹಿಡಿದು ನಿಲ್ಲಬೇಕು. ಮರ ಮಳೆಗಾಲಕ್ಕೆ ಉಬ್ಬಿದರೂ ಬೇಸಿಗೆಗೆ ಕುಗ್ಗಿದರೂ ಮೈ ಆಡಿಸಲು ಅಷ್ಟಿಷ್ಟು ಜಾಗ ಇರಬೇಕು. ಎಲ್ಲ ಮುಗಿದ ಮೇಲೆ ಅಪ್ಪ ಬಂದು, ಹೆಬ್ಬೆರಳಿನಲ್ಲಿ ಕಮಾನಿನ ಅಂಚು ಸವರಿ, ಚಹಾ ಕುಡಿಯಲು ಹೋದ. ಅಷ್ಟೇ. ಹೊಗಳಿದರೆ ಅವನ ಹಲ್ಲು ಉದುರುತ್ತದೆ.

ಯಾವ ಗೋಡೆ ಎಂದು ನಾನು ಭಾವನನ್ನು ಕೇಳಿದ್ದೆ. ಬಾಗಿಲಿನ ಎದುರಿನದು, ಒಳಗೆ ಬಂದವರಿಗೆ ಮೊದಲು ಕಾಣುವುದು ಅದೇ ಎಂದ. ಅದು ಕಿಬ್ಲಾ ಕಡೆಯ, ನಮಾಜಿಗೆ ಮುಖ ಮಾಡುವ ಕಡೆಯ ಗೋಡೆಯೇ ಎಂದೂ ಕೇಳಿದೆ. ಏಕೆಂದರೆ ನಾನು ಮಾಡಿದ್ದು ಮೆಹ್ರಾಬಿನ ಆಕಾರ. ಕಾಬಾ ಯಾವ ದಿಕ್ಕಿಗಿದೆ ಎಂದು ತೋರಿಸುವುದಕ್ಕೇ ಮಸೀದಿಯ ಗೋಡೆಯಲ್ಲಿ ಆ ಗೂಡು ಇರುವುದು. ಅದನ್ನು ಕಂಡವರು ದಿಕ್ಕು ಕೇಳುವುದಿಲ್ಲ, ಸುಮ್ಮನೆ ಮುಖ ಮಾಡಿ ನಿಲ್ಲುತ್ತಾರೆ.

“ಅದು ಆಸ್ಪತ್ರೆ ಕಣಪ್ಪ,” ಎಂದ ಭಾವ. “ಶೋಗೆ ಹಾಕೋದು. ಅಲ್ಲಿ ಯಾರು ಬಂದು ನಮಾಜ್ ಮಾಡ್ತಾರೆ?”

ಆಸ್ಪತ್ರೆಯಲ್ಲಿ ಮಾಡದೆ ಮತ್ತೆಲ್ಲಿ ಮಾಡುತ್ತಾರೆ? ಇಷ್ಟು ತಲೆ ಓಡದವನಿಗೆ ಮ್ಯಾನೇಜರ್ ಎಂದು ಕುರ್ಚಿ ಬೇರೆ.

ನಾನೂ ಅಪ್ಪನೂ ಬೇರೊಂದು ಕೆಲಸದ ಮೇಲೆ ಹೋಗಿದ್ದಾಗ ಭಾವ ಆಳುಗಳನ್ನು ಕರೆದುಕೊಂಡು ಹೋಗಿ ಅದನ್ನು ಗೋಡೆಗೆ ಕೂರಿಸಿಬಂದ. ಕೊನೆಯ ಸಲ ಎಣ್ಣೆ ಬಳಿಯುವುದಕ್ಕೆಂದು ನಾನು ಡಬ್ಬಿ ಹಿಡಿದುಕೊಂಡು ಹೋದಾಗ, ಕಮಾನಿನ ಮುಂದೆ ಒಬ್ಬ ಟವೆಲ್ ಹಾಸಿಕೊಂಡು ನಮಾಜಿಗೆ ನಿಂತಿದ್ದ. ಅವನ ಪಕ್ಕ ಮಂಡಿ ಮಡಚಲಾಗದ ಒಬ್ಬ ಅಜ್ಜಿ ಕುರ್ಚಿಯ ಮೇಲೆ ಕೂತು ತಲೆ ಬಾಗಿಸುತ್ತಿದ್ದಳು. ಸುಳ್ಳು ಯಾಕೆ, ನನ್ನ ಎದೆ ಉಬ್ಬಿತು. ನಾನು ಕೊರೆದ ಗೂಡಿನ ಮುಂದೆ ಗುರುತು ಪರಿಚಯವಿಲ್ಲದ ಇಬ್ಬರು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದಾರೆ.

ಆಮೇಲೆ ಯಾಕೋ ಮನಸ್ಸು ತಡೆಯದೆ ಫೋನಿನಲ್ಲಿ ಕಿಬ್ಲಾ ತೋರಿಸುವ ಮುಳ್ಳನ್ನು ತೆಗೆದು ನೋಡಿದೆ. ಮುಳ್ಳು ಕಮಾನಿನ ಕಡೆ ತಿರುಗಲಿಲ್ಲ. ಫೋನನ್ನು ಕೊಡವಿದೆ. ಹಾಲಿನ ಆ ಮೂಲೆಗೂ ಈ ಮೂಲೆಗೂ ಹೋಗಿ ನೋಡಿದೆ. ಎಲ್ಲಿ ನಿಂತರೂ ಅದು ಪಕ್ಕದ ಗೋಡೆಯನ್ನೇ ತೋರಿಸುತ್ತಿತ್ತು. ಆ ಗೋಡೆಯಲ್ಲಿದ್ದದ್ದು ಒಂದು ವಾಟರ್ ಫಿಲ್ಟರ್, ಅದರ ಪಕ್ಕಕ್ಕೆ ಟಾಯ್ಲೆಟ್ಟಿನ ಬಾಗಿಲು.

ಭಾವನಿಗೆ ಫೋನ್ ಮಾಡಿದೆ. ಗೊತ್ತಿಲ್ಲದೆ ಮಾಡಿದವರಿಗೆ ಏನೂ ದೋಷವಿಲ್ಲ, ನೀನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ ಎಂದ. ಇಂಥದ್ದಕ್ಕೆಲ್ಲ ಅವನಿಗೆ ಶಾಸ್ತ್ರ ಗೊತ್ತಿರುತ್ತದೆ. ಡಾಕ್ಟರಮ್ಮನ ಹತ್ತಿರ ಹೋದೆ. ‘ಇದು ಅಲಂಕಾರಕ್ಕೆ ಮಾತ್ರ’ ಎಂದು ಒಂದು ಬೋರ್ಡು ಹಾಕಿಬಿಡೋಣ ಎಂದರು. ಆ ಹಾಲಿನಲ್ಲಿ ‘ಗಲಾಟೆ ಮಾಡಬೇಡಿ’, ‘ಉಗುಳಬೇಡಿ’ ಎಂಬ ಬೋರ್ಡುಗಳು ಆಗಲೇ ಇದ್ದವು. ಅವುಗಳ ಕೆಳಗೇ ಕೂತು ಜನ ಗಲಾಟೆಯನ್ನೂ ಮಾಡುತ್ತಿದ್ದರು, ಉಗುಳುತ್ತಲೂ ಇದ್ದರು. ಇದು ಬಂದ ಮೇಲೆ ಜನ ನರ್ಸುಗಳ ಮೇಲೆ ಕೂಗಾಡುವುದು ಕಡಿಮೆಯಾಗಿದೆ, ದಯವಿಟ್ಟು ಕೀಳಬೇಡಿ ಎಂದೂ ಡಾಕ್ಟರಮ್ಮ ಸೇರಿಸಿದರು. ಅಷ್ಟರಲ್ಲಿ ಭಾವ ಮತ್ತೆ ಫೋನ್ ಮಾಡಿದ. ಉಪಾಯ ಹೊಳೆದಿತ್ತಂತೆ. ತಲೆಕೆಳಗು ಮಾಡಿ ನೇತುಹಾಕಿದರೆ ಕಮಾನು ಕಮಾನಿನ ಹಾಗೆ ಕಾಣುವುದೇ ಇಲ್ಲವಂತೆ. ನಾನು ಉತ್ತರ ಕೊಡದೆ ಫೋನ್ ಇಟ್ಟೆ. ಕೊಟ್ಟಿದ್ದರೆ ಅಕ್ಕನಿಗೆ ತವರಿನ ಬಾಗಿಲು ಮುಚ್ಚುತ್ತಿತ್ತು.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. “ಅವರಿಗೆ ಗೊತ್ತಿರ್ಲಿಲ್ಲ, ಅವರದ್ದು ಸರಿಹೋಯ್ತು. ನಿನಗೀಗ ಗೊತ್ತಲ್ಲ,” ಎಂದ. “ಕಮಾನು ಇಳಿಸು.”

ನಕ್ಷತ್ರಗಳು ಇರಲಿ, ಅವಕ್ಕೆ ಮುಖವೂ ಇಲ್ಲ ಬೆನ್ನೂ ಇಲ್ಲ ಎಂದೂ ಹೇಳಿದ. ನನಗೆ ರೇಗಿತು. ಕಮಾನು ಕಿತ್ತರೆ ಅದಕ್ಕೆ ಒರಗಿದ ತುಂಡುಗಳೆಲ್ಲ ಸಡಿಲವಾಗುತ್ತವೆ, ನಡುವೆ ಬಾಗಿಲಿನಷ್ಟು ತೂತು ಬೀಳುತ್ತದೆ, ನಾನು ಬರೆದದ್ದು ಎನ್ನುವುದು ಏನೂ ಉಳಿಯುವುದಿಲ್ಲ. ಇದುವರೆಗೆ ನಾನು ಮಾಡಿದ್ದರಲ್ಲೆಲ್ಲ ಒಳ್ಳೆಯದು ಅದೊಂದೇ ಎಂದೆ.

“ಹೌದು,” ಎಂದ ಅಪ್ಪ. “ಚೆನ್ನಾಗಿಲ್ದೆ ಇದ್ದಿದ್ರೆ ಯಾರೂ ಅದಕ್ಕೆ ಮುಖ ಮಾಡ್ತಿರ್ಲಿಲ್ಲ.”

ಹೊಗಳುವುದಕ್ಕೆ ಈ ಮನುಷ್ಯನಿಗೆ ಸಿಕ್ಕಿದ ಹೊತ್ತು ನೋಡಿ.

ಮಾರನೆಯ ದಿನ ಡಾಕ್ಟರಮ್ಮನನ್ನು ಹೇಗೋ ಒಪ್ಪಿಸಿ, ಭಾವನನ್ನೂ ಎಳೆದುಕೊಂಡು ಹೋದೆ. ಏಣಿ ಹತ್ತಿ ಕಮಾನಿನ ನೆತ್ತಿಯಲ್ಲಿದ್ದ ಬೆಣೆಯನ್ನು ತಟ್ಟಿ ತೆಗೆದೆ. ಅಂಟಿಲ್ಲದ ಕೆಲಸ, ಕಳಚುವಾಗ ಹಠ ಮಾಡಲಿಲ್ಲ. ಹಠ ಮಾಡಿದ್ದರೆ ನನಗೆ ಅಷ್ಟಾದರೂ ಸಮಾಧಾನವಾಗುತ್ತಿತ್ತು. ಕಮಾನು ಕೆಳಗಿಳಿದದ್ದೇ ತಡ, ಭಾವ ಈಗ ಬಂದೆ ಎಂದು ಹೇಳಿ ಟಾಯ್ಲೆಟ್ಟಿಗೆ ಹೋದ. ಭಾರದ ಕೆಲಸ ಬಂದಾಗ ಅವನ ಹೊಟ್ಟೆ ಯಾವತ್ತೂ ಕೈಕೊಟ್ಟಿಲ್ಲ.

ಅಷ್ಟರಲ್ಲಿ ಹಿಂದಿನ ದಿನ ಟವೆಲ್ ಹಾಸಿಕೊಂಡಿದ್ದವನು ಬಂದು ನಿಂತ. ಲಾರಿ ಡ್ರೈವರ್. ಗಡ್ಡ ಬೆಳೆದಿತ್ತು, ಕಣ್ಣು ನಿದ್ದೆ ಕಂಡಿರಲಿಲ್ಲ. ಯಾಕೆ ತೆಗೆಯುತ್ತಿದ್ದೀರಿ ಎಂದು ಕೇಳಿದ. ಹೇಳಿದೆ. ಅವನು ಗೋಡೆಯ ತೂತಿನ ಕಡೆ ಕೈ ಮಾಡಿದ.

“ನನ್ನ ಹೆಂಡ್ತಿ ಒಳಗಿದ್ದಾಳೆ,” ಎಂದ. “ಅವಳನ್ನ ಇಲ್ಲಿಗೆ ತಂದಾಗಿಂದ ಇದರ ಮುಂದೇನೇ ಬೇಡ್ಕೊಂಡಿದ್ದೀನಿ. ಈಗ ಬಂದು ದಾರಿ ತಪ್ಪು ಅಂತೀಯಾ ತಮ್ಮಾ?”

ಗೊತ್ತಿಲ್ಲದೆ ಮಾಡಿದ್ದು ಸಲ್ಲುತ್ತದೆ ಎಂದು ಅಪ್ಪನ ಮಾತನ್ನೇ ಹೇಳಿದೆ. ನನ್ನ ಬಾಯಲ್ಲಿ ಅದು ಭಾವನ ಮಾತಿನ ಹಾಗೆ ಕೇಳಿಸಿತು. ಹಾಗಾದರೆ ಸರಿಯಾದ ದಿಕ್ಕು ಯಾವುದು ತೋರಿಸು ಎಂದ. ತೋರಿಸಿದೆ. ಅವನು ಟಾಯ್ಲೆಟ್ಟಿನ ಬಾಗಿಲು ನೋಡಿದ, ನನ್ನನ್ನು ನೋಡಿದ.

“ಬೇರೆ ಎಲ್ಲೂ ಸಿಗ್ಲಿಲ್ವಾ ನಿಮಗೆ?”

ಕಾಬಾವನ್ನು ಅದರ ಹಿಂದೆ ನಾನೇ ಕಟ್ಟಿಸಿದ್ದೇನೆ ಎನ್ನುವ ಹಾಗೆ. ಆದರೂ ನಮಾಜಿನ ಹೊತ್ತಾಗಿತ್ತು. ಅವನು ಟವೆಲ್ ಕೊಡವಿ ಆ ಕಡೆಗೇ ಹಾಸಿ ನಿಂತ. ಕೈ ಕಟ್ಟಿದ್ದನೋ ಇಲ್ಲವೋ, ಬಾಗಿಲಿನ ಚಿಲಕ ಒಳಗಿನಿಂದ ಸದ್ದು ಮಾಡಿತು. ಹೊರಕ್ಕೆ ತೆರೆಯುವ ಬಾಗಿಲು. ನಮ್ಮ ಭಾವ ಪ್ಯಾಂಟು ಮೇಲೆಳೆದುಕೊಳ್ಳುತ್ತಾ ಅವನ ಮುಖದ ಮುಂದೆಯೇ ಬಂದು ನಿಲ್ಲುವುದು ನನ್ನ ಕಣ್ಣಿಗೆ ಕಟ್ಟಿತು. ಏನೂ ಯೋಚಿಸದೆ ಕಮಾನನ್ನು ತಬ್ಬಿ ಎತ್ತಿಕೊಂಡು ಹೋಗಿ ಬಾಗಿಲಿಗೆ ಆನಿಸಿ, ಬದಿಗೆ ನಿಂತು ಭುಜ ಕೊಟ್ಟು ಒತ್ತಿ ಹಿಡಿದೆ.

ಭಾವ ಒಳಗಿನಿಂದ ತಳ್ಳಿದ. ಆಮೇಲೆ ಗುದ್ದಿದ. ಯಾರೋ ಅದು, ಬಾಗ್ಲು ಬಿಡೋ ಎಂದ. ಡ್ರೈವರ್ ಬಾಗಿದ, ಎದ್ದ, ಹಣೆಯನ್ನು ನೆಲಕ್ಕಿಟ್ಟ. ಅವನಷ್ಟು ನಿಧಾನವಾಗಿ ನಮಾಜು ಮಾಡಿದವರನ್ನು ನಾನು ಕಂಡಿಲ್ಲ. ನಾನು ಭುಜ ಬದಲಿಸಿ ಮತ್ತೆ ಒತ್ತಿ ಹಿಡಿದೆ. ಕಾಯುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹಿಂದಿನ ದಿನ ಕಂಡಿದ್ದ ಕುರ್ಚಿಯ ಅಜ್ಜಿ ಎದ್ದು, ಕುರ್ಚಿಯನ್ನು ಗರಗರ ಎಳೆದು ಈ ಕಡೆಗೆ ತಿರುಗಿಸಿಕೊಂಡು, ತಾನೂ ಶುರು ಮಾಡಿದಳು.

“ಸ್ವಲ್ಪ ತಡೀರಿ ಭಾವ,” ಎಂದು ಬಾಗಿಲಿನ ಸಂದಿಗೆ ಬಾಯಿಟ್ಟು ಹೇಳಿದೆ. “ಒಳಗೇ ಕೂತಿರಿ.”

ಇಬ್ಬರದೂ ಮುಗಿದ ಮೇಲೆ ಕಮಾನನ್ನು ಪಕ್ಕಕ್ಕೆ ಸರಿಸಿದೆ. ಭಾವ ಕೆಂಪಗೆ ಹೊರಬಂದ. ಬೈಯಲು ಬಾಯಿ ತೆರೆದವನು ಕಮಾನನ್ನೂ ಬಾಗಿಲನ್ನೂ ಸುಮ್ಮನೆ ಖಾಲಿ ಬಿದ್ದಿದ್ದ ಜಾಗವನ್ನೂ ನೋಡಿ, ಗಿರಾಕಿಗಳ ಮುಂದೆ ಮಾಡುವ ಮುಖ ಮಾಡಿದ.

“ಇದಕ್ಕೆ ಕಾಲು ಕೊಟ್ಟು, ಬಾಗ್ಲಿಗೆ ಮರೆ ಥರ ನಿಲ್ಸಿಬಿಟ್ರೆ ಆಯ್ತಲ್ಲ,” ಎಂದ. “ನಾನು ಮೊದಲಿಂದ ಅದನ್ನೇ ಹೇಳ್ತಿದ್ದೆ.”

ಅವನು ಮೊದಲಿನಿಂದ ಹೇಳುತ್ತಿದ್ದದ್ದು ತಲೆಕೆಳಗು ಮಾಡು ಎಂದು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಬರೆಯಲಾಗುವುದಿಲ್ಲ. ಆದರೆ ಡ್ರೈವರ್ ಟವೆಲ್ಲಿನಿಂದ ಎದ್ದಿರಲಿಲ್ಲ. ಎರಡು ಅಂಗೈಗಳನ್ನೂ ಬಿಚ್ಚಿ ಹಿಡಿದು, ಕೇಳಬೇಕಾದ್ದನ್ನೆಲ್ಲ ಮೊದಲಿನಿಂದ ಕೇಳಿಕೊಳ್ಳುತ್ತಿದ್ದ. ಅವನ ತಲೆಯ ಮೇಲೆ ಜಗಳ ಆಡುವುದು ಹೇಗೆ? ಕಮಾನನ್ನು ಭಾವನ ಕೈಗೆ ದಾಟಿಸಿ, ಬಿಡಬೇಡಿ ಎಂದು ಹೇಳಿ, ಟೇಪು ತೆಗೆದುಕೊಂಡು ನೆಲಕ್ಕೆ ಕೂತೆ. ಬಾಗಿಲು ಪೂರ್ತಿ ತೆರೆಯಲು ಎಷ್ಟು ಜಾಗ ಬೇಕು, ಸ್ಟ್ರೆಚರ್ ಹೋಗಲು ಎಷ್ಟು ಬಿಡಬೇಕು ಎಂದು ಅಳೆಯತೊಡಗಿದೆ. ಗೋಡೆಯ ತೂತಿಗೆ ಹೊಸ ನಕ್ಷತ್ರ ಮಾಡಬೇಕು. ಇದಕ್ಕೆ ಕಾಲು ಮಾಡಬೇಕು. ಗೋಡೆಗೆ ಆನಿಕೊಳ್ಳುವುದಲ್ಲವೇ ಎಂದು ಹಿಂಬದಿಗೆ ಉಪ್ಪುಕಾಗದವನ್ನೂ ಮುಟ್ಟಿಸಿರಲಿಲ್ಲ. ಇನ್ನು ಅದನ್ನೂ ಮುಂಬದಿಯಷ್ಟೇ ಚೆನ್ನಾಗಿ ಕೆತ್ತಬೇಕು. ಟಾಯ್ಲೆಟ್ಟಿನಿಂದ ಹೊರಗೆ ಬಂದವರಿಗೆ ಮೊದಲು ಕಾಣುವುದು ಅದೇ.