ಮಂತ್ರಿಯ ಹೊಸ್ತಿಲು

ಹಜ್ರತ್ತರಿಗೆ ಇದ್ದದ್ದು ಒಂದೇ ಒಂದು ಜಂಬ. ಗೆಳೆಯ ಮಂತ್ರಿಯಾಗಿ ವರ್ಷಗಳಾದರೂ ತಾನು ಅವನ ಹೊಸ್ತಿಲು ತುಳಿದಿಲ್ಲ ಎಂಬುದು. ಮಸೀದಿಯಲ್ಲಿ ನಮಾಜು ಮಾಡಿಸುವ ಬಡಪಾಯಿ ಬೇರೆ ಯಾವುದಕ್ಕೆ ತಾನೇ ಜಂಬ ಪಡಬೇಕು ಹೇಳಿ? ಅವರಿಗೆ ಪಾಠ ಹೇಳಿದ ಗುರುಗಳು ಬೆತ್ತ ಮೇಜಿಗೆ ಕುಟ್ಟಿ ಹೇಳುತ್ತಿದ್ದರು: "ಆಳುವವನು ತಿಳಿದವನ ಬಾಗಿಲಿಗೆ ಬಂದರೆ ಇಬ್ಬರಿಗೂ ಒಳ್ಳೆಯದು. ತಿಳಿದವನು ಆಳುವವನ ಬಾಗಿಲಿಗೆ ಹೋದರೆ ಇಬ್ಬರೂ ಕೆಟ್ಟರು." ಹಜ್ರತ್ತರ ಬೆಂಚಿನಲ್ಲೇ ಪಕ್ಕಕ್ಕೆ ಕೂತು ಈ ಮಾತು ಕೇಳಿದವನೇ ಈಗಿನ ಮಂತ್ರಿ. ಆಗ ಅವನ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲವಾದ್ದರಿಂದ ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಈಗ ಕಾರಿನಿಂದ ಇಳಿಯಲು ಇಬ್ಬರ ಆಸರೆ ಬೇಕು. ಆದರೂ ಹಜ್ರತ್ತರ ಬಾಯಲ್ಲಿ ಅವನು ಕಡ್ಡಿಯೇ.

ಶುಕ್ರವಾರ ಬಂತೆಂದರೆ ಕಡ್ಡಿ ಮಸೀದಿಗೆ ಬರುತ್ತಿದ್ದ. ಮೊದಮೊದಲು ಅವನಿಗಾಗಿ ಮುಂದಿನ ಸಾಲಿನಲ್ಲಿ ಒಂದಿಷ್ಟು ಜಾಗ ಬಿಟ್ಟರು. ಆಮೇಲೆ ಅವನಿಗೆ ತಡವಾದಾಗ ಕಾಯುವುದು ಶುರುವಾಯಿತು. ಮೊದಲು ಬಂದವರಿಗೆ ಮೊದಲ ಸಾಲು, ದೇವರ ಮುಂದೆ ದೊಡ್ಡವರಿಲ್ಲ ಚಿಕ್ಕವರಿಲ್ಲ ಎಂದು ಊರಿಗೆಲ್ಲ ಹೇಳುವ ಹಜ್ರತ್ತರು, ಹೊರಗೆ ಕಾರಿನ ಬಾಗಿಲು ಬಡಿಯುವ ತನಕ ಗಂಟಲು ಸರಿಮಾಡಿಕೊಳ್ಳುತ್ತ ನಿಲ್ಲುವರು. ಹಿಂದಿನ ಸಾಲಿನಲ್ಲಿ ಯಾರಾದರೂ ಗೊಣಗಿದರೆ, 'ಅವನು ತಾನೇ ನನ್ನ ಬಾಗಿಲಿಗೆ ಬಂದದ್ದು, ನಾನೇನು ಹೋಗಿಲ್ಲವಲ್ಲ' ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವರು. ಮನುಷ್ಯ ತನಗೆ ತಾನೇ ವಕೀಲನಾದರೆ ಸೋಲುವುದುಂಟೆ?

ಹೀಗಿರುವಾಗ ಕಾಲುವೆ ಓಣಿಯ ಸುದ್ದಿ ಬಂತು. ಕಡ್ಡಿ ಹೊಸ ಮಾರುಕಟ್ಟೆ ಕಟ್ಟಿಸುತ್ತಿದ್ದ, ಅಲ್ಲಿಗೆ ರಸ್ತೆ ಬೇಕಿತ್ತು. ರಸ್ತೆ ನೇರವಾಗಿ ಹೋದರೆ ಅವನ ಭಾವಮೈದುನನ ಗೋದಾಮು ಅಡ್ಡ ಬರುತ್ತಿತ್ತು. ಹಾಗಾಗಿ ಅದು ಸೊಂಟ ಬಳುಕಿಸಿ ಓಣಿಯ ಮನೆಗಳ ಮೇಲೆ ಹಾದುಹೋಗುವುದೆಂದು ತೀರ್ಮಾನವಾಯಿತು. ಅಲ್ಲೇ ಹಜ್ರತ್ತರ ಅಕ್ಕನ ಮನೆ. ಗಂಡ ಹೋದ ಮೇಲೆ ಅಕ್ಕ ಆ ಮನೆಯ ಕಿಟಕಿಯ ಬೆಳಕಿನಲ್ಲಿ ಬಟ್ಟೆ ಹೊಲಿದೇ ಮಕ್ಕಳನ್ನು ದಡ ಸೇರಿಸಿದವಳು. ಓಣಿಯವರೆಲ್ಲ ಅವಳನ್ನು ಮುಂದೆ ಮಾಡಿಕೊಂಡು ಬಂದರು.

"ಹೊಸ್ತಿಲು ತುಳಿಯೋದು ಬೇಡ ಕಣೋ," ಎಂದಳು ಅಕ್ಕ. "ಶುಕ್ರವಾರ ನಿನ್ನೆದುರಿಗೇ ಕೂತಿರ್ತಾನಲ್ಲ, ಪ್ರವಚನದಲ್ಲಿ ಒಂದು ಮಾತು ಹೇಳು, ಸಾಕು."

ಹಜ್ರತ್ತರು ಒಪ್ಪಿದರು. ನೆರೆಯವರ ಹಕ್ಕಿನ ಬಗ್ಗೆ ಮಾತನ್ನು ವಾರವಿಡೀ ಅರೆದು ಅರೆದು ಸಿದ್ಧ ಮಾಡಿಕೊಂಡರು. ಶುಕ್ರವಾರ ಪೀಠ ಹತ್ತಿದರು. ಎದುರಿಗೆ ಕಡ್ಡಿ, ಬಿಳಿ ಬಟ್ಟೆ, ಅತ್ತರಿನ ಘಮ, ಕಣ್ಣಲ್ಲಿ ಅದೇ ಹಳೇ ಬೆಂಚಿನ ನಗು. ಹಜ್ರತ್ತರ ಬಾಯಿಂದ ಹೊರಬಂದದ್ದು ತಾಳ್ಮೆಯ ಮಹಿಮೆ.

ನಮಾಜು ಮುಗಿದ ಮೇಲೆ ಕಡ್ಡಿ ಬಾಚಿ ತಬ್ಬಿಕೊಂಡ. "ಎಂಥಾ ಮಾತು ಹೇಳಿದ್ಯೋ! ಆ ಓಣಿ ಜನಕ್ಕೆ ಬೇಕಾಗಿದ್ದೇ ಅದು, ತಾಳ್ಮೆ."

ಆ ತಬ್ಬುಗೆಯಲ್ಲಿ ಹಜ್ರತ್ತರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಡ್ಡಿಯ ಭುಜದಾಚೆ ಓಣಿಯ ಗಂಡಸರು ಚಪ್ಪಲಿ ಹುಡುಕುತ್ತಿದ್ದರು, ಒಬ್ಬರೂ ಇತ್ತ ನೋಡಲಿಲ್ಲ. ಸಂಜೆ ಅಕ್ಕನ ಮನೆಗೆ ಹೋದರೆ ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ನೀನು ಅವನ ಮನೆಗೆ ಹೋಗಲಿಲ್ಲ, ನಿಜ," ಎಂದಳು, ಸೂಜಿಯಿಂದ ಕಣ್ಣೆತ್ತದೆ. "ದೇವರ ಮನೆಯನ್ನೇ ಅವನಿಗೆ ಬಿಟ್ಟುಕೊಟ್ಟೆ. ಹೋಗು, ಹೊತ್ತಾಯ್ತು."

ಮರುದಿನ ಹಜ್ರತ್ತರು ಮಂತ್ರಿಯ ಹೊಸ್ತಿಲು ತುಳಿದರು. ಅರ್ಜಿ ಹಿಡಿದವರ ಜೊತೆ ಬೆಂಚಿನ ಮೇಲೆ ಕಾದರು. ಸುದ್ದಿ ತಿಳಿದು ಕಡ್ಡಿಯೇ ಹೊರಗೆ ಓಡಿ ಬಂದ, ಕೈ ಹಿಡಿದು ಒಳಗೆ ಕರೆದೊಯ್ದ, ಬಾಗಿಲು ಹಾಕಿಸಿದ.

"ಅಂತೂ ಬಂದ್ಯಲ್ಲಪ್ಪಾ! ಏನು ಬೇಕು ಹೇಳು."

"ಬೇಡೋಕೆ ಬಂದಿಲ್ಲ ಕಡ್ಡಿ. ಅನ್ಯಾಯಕ್ಕೆ ಸಿಕ್ಕಿದವನಿಗೂ ಸಹಾಯ ಮಾಡಿ, ಅನ್ಯಾಯ ಮಾಡೋನಿಗೂ ಸಹಾಯ ಮಾಡಿ ಅಂತ ಪ್ರವಾದಿಗಳು ಹೇಳಿದ್ದು ನೆನಪಿದ್ಯಾ?"

"ಇಲ್ದೆ ಏನು? ಅನ್ಯಾಯ ಮಾಡೋನ ಕೈ ತಡೆಯೋದೇ ಅವನಿಗೆ ಮಾಡೋ ಸಹಾಯ. ಪರೀಕ್ಷೇಲಿ ಇದನ್ನ ನಿನಗೆ ತೋರಿಸಿದ್ದೇ ನಾನು."

"ಆ ಸಹಾಯ ಮಾಡೋಕೇ ಬಂದಿದೀನಿ. ರಸ್ತೆ ನೇರ ಹೋಗ್ಲಿ. ಇಲ್ದಿದ್ರೆ ಶುಕ್ರವಾರ ಎಲ್ಲರ ಮುಂದೆ ಹೇಳ್ತೀನಿ. ಬೆನ್ನ ಹಿಂದೆ ಹೇಳ್ಬಾರ್ದು ಅಂತ ಮೊದಲು ನಿನಗೇ ಹೇಳ್ತಿದೀನಿ."

ಕಡ್ಡಿಯ ನಗು ಮಾಯವಾಯಿತು. ಬಹಳ ಹೊತ್ತು ಕನ್ನಡಕ ಒರೆಸಿದ. ಕೊನೆಗೆ ಕೆಟ್ಟ ದನಿಯಲ್ಲೇನೂ ಅಲ್ಲ, ಪ್ರೀತಿಯಿಂದಲೇ ಹೇಳಿದ: "ರಸ್ತೆ ನನ್ನ ಕೈಲಿಲ್ಲ ಕಣೋ, ಮನೆಯವರು ಸುಮ್ನಿರ್ತಾರಾ? ಒಂದು ಕೆಲಸ ಮಾಡ್ತೀನಿ. ಅಕ್ಕನ ಮನೆ ಮೂಲೇಲಿದೆ. ಅದೊಂದನ್ನ ಬಿಡಿಸ್ತೀನಿ. ನೀನು ಸುಮ್ನಿದ್ದುಬಿಡು."

ಆ ಕಿಟಕಿ, ಆ ಬೆಳಕು, ಮಿಷಿನ್ನಿನ ಮೇಲೆ ಬಾಗಿದ ಅಕ್ಕನ ಬೆನ್ನು ಹಜ್ರತ್ತರ ಕಣ್ಣೆದುರು ನಿಂತವು. ಹೂಂ ಅಂದುಬಿಡಲೇ ಎಂದು ನಿಜವಾಗಿಯೂ ಅನ್ನಿಸಿತು.

"ಬೇಡ," ಎಂದರು. ಎದ್ದು ಬಂದರು.

ಶುಕ್ರವಾರ ಯಾರಿಗೂ ಕಾಯಲಿಲ್ಲ. ಹೇಳಬೇಕಾದದ್ದನ್ನು ಹೆಸರು ಹಿಡಿದೇ ಹೇಳಿದರು. ಕಡ್ಡಿ ಬಂದಿರಲಿಲ್ಲ, ಮತ್ತೆಂದೂ ಬರಲಿಲ್ಲ. ಊರಾಚೆ ಇನ್ನೊಂದು ಮಸೀದಿಯಲ್ಲಿ ಅವನಿಗೆ ಜಾಗ ಬಿಡುತ್ತಾರಂತೆ. ಹಜ್ರತ್ತರಿಗೆ ಈಗಲೂ ಕಾರಿನ ಸದ್ದಾದರೆ ಕತ್ತು ಹೊರಳುತ್ತದೆ, ಮುಚ್ಚಿಟ್ಟು ಫಲವಿಲ್ಲ. ಗೆಳೆತನವೇನು ಅಂಗಿಯೇ, ಕಳಚಿ ಗೂಟಕ್ಕೆ ಹಾಕಲು?

ರಸ್ತೆ ಬಾಗಿಕೊಂಡೇ ಬಂತು. ಓಣಿ ನೆಲಸಮವಾದ ದಿನ ಅಕ್ಕ ಹೊಲಿಗೆ ಮಿಷಿನ್ನನ್ನು ಗಾಡಿಯಲ್ಲಿ ಹೇರಿಸಿಕೊಂಡು ತಮ್ಮನ ಮನೆಗೆ ಬಂದಳು. ಇಬ್ಬರೂ ಸೇರಿ ಅದನ್ನು ಕಿಟಕಿಯ ಹತ್ತಿರ ಎಳೆದಿಟ್ಟರು. ಆ ಕಿಟಕಿಗೆ ಎದುರು ಮನೆಯ ಗೋಡೆ ಅಡ್ಡ, ಬೆಳಕು ಸಾಲದು. ಹಜ್ರತ್ತರಿಗೆ ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ.

"ಅಕ್ಕಾ, ನಿನ್ನ ಮನೆ ಒಂದನ್ನ ಬಿಡಿಸ್ತೀನಿ ಅಂದಿದ್ದ. ನಾನೇ ಬೇಡ ಅಂದೆ."

ದಾರ ಪೋಣಿಸುತ್ತಿದ್ದ ಅಕ್ಕನ ಕೈ ನಿಂತಿತು. ಅವಳು ತಮ್ಮನ ಮುಖ ನೋಡಲಿಲ್ಲ, ಆ ಗೋಡೆಯನ್ನೇ ನೋಡಿದಳು.

"ನಾನಾದ್ರೂ ಬೇಡ ಅಂತಲೇ ಅಂತಿದ್ದೆ," ಎಂದಳು ಕೊನೆಗೆ. "ಆದ್ರೆ ನನ್ನ ಮನೆ ಕಣೋ ಅದು. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."