ಬೇಳೆ ಬೇಯುವ ಊರು

ಊರು ಹುಡುಕುವುದಕ್ಕೂ ಒಂದು ಕ್ರಮವಿದೆ ಎಂದು ಶಿಡ್ಲಘಟ್ಟದ ನೂರುಲ್ಲಾನಿಗೆ ಕಲಿಸಿದವಳು ಅವನ ಹೆಂಡತಿ ಮಹಮೂದಾ. ಯಾವ ಊರಿಗೆ ಹೋದರೂ ಬಾಡಿಗೆ ವಿಚಾರಿಸುವ ಮುಂಚೆ ಅವಳು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಳು. ಬುರ್ಖಾದ ಒಳಗಿಂದ ತೊಗರಿಬೇಳೆಯ ಸಣ್ಣ ಗಂಟು ತೆಗೆದು, "ಅಕ್ಕಾ, ನಿಮ್ಮ ನೀರಲ್ಲಿ ಇದನ್ನೊಂಚೂರು ಬೇಯಿಸಿ ಕೊಡ್ತೀರಾ?" ಎನ್ನುತ್ತಿದ್ದಳು. ಬೇಳೆ ಮೆತ್ತಗಾದರೆ ನೀರು ಒಳ್ಳೆಯದು. ಅದು ಬೇಯುವ ತನಕ ಜಗಲಿಯಲ್ಲಿ ಕೂತರೆ ಆ ಮನೆಯವರ ಗುಣವೂ ಗೊತ್ತಾಗಿಬಿಡುತ್ತದೆ. ನೂರುಲ್ಲಾ ಮಾತ್ರ ನಾಚಿಕೆಯಿಂದ ಬೀದಿಯ ಆಚೆ ಬದಿಗೆ ಹೋಗಿ ನಿಂತುಕೊಳ್ಳುತ್ತಿದ್ದ.

ಸುಮ್ಮನೆ ಊರು ಬಿಡುವ ಹುಚ್ಚೇನೂ ಅವರಿಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು ಅವನ ಅಪ್ಪನ ಕಾಲದಿಂದ ಬಂದ ಕಸುಬು. ಹೊಗೆ, ಹಬೆ, ಬೆಂದ ಹುಳುವಿನ ನಾತ. ಮದುವೆಯಾಗಿ ಬಂದಾಗಿನಿಂದ ಮಹಮೂದಾ ಅದರ ಮುಂದೆಯೇ ಕೂತಿದ್ದಳು, ಈಗ ಉಸಿರಿಗೇ ಕುತ್ತು ಬಂದಿತ್ತು. "ಹೊಗೆಯಿಂದ ದೂರ ಇಡ್ರಪ್ಪ ಇವರನ್ನ. ತಡ ಮಾಡಬೇಡಿ," ಎಂದಿದ್ದರು ಡಾಕ್ಟರು. ಒಲೆ ಆರಿಸಿದರೆ ಅನ್ನವಿಲ್ಲ, ಆರಿಸದಿದ್ದರೆ ಅವಳಿಲ್ಲ. ಮಕ್ಕಳೂ ಇರಲಿಲ್ಲ. ಅವಳಿಗೆ ಬೇರೆ ಊರಲ್ಲಿ ಮನೆ ಮಾಡುವುದು, ಅವನು ದಿನಾ ಕೆಲಸಕ್ಕೆ ಬಂದು ಹೋಗುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ತೊಂಬತ್ಮೂರನೇ ಇಸವಿಯ ಬೇಸಿಗೆಯೆಲ್ಲ ಹುಡುಕಾಟವೇ ಆಯಿತು. ಚಿಂತಾಮಣಿಯಲ್ಲಿ ಒಂದು ಮನೆ ಅಂಗೈಯಷ್ಟಿದ್ದರೂ ಮುದ್ದಾಗಿತ್ತು, ಆದರೆ ಅದರ ಬೋರ್‌ವೆಲ್ ನೀರಲ್ಲಿ ಬೇಳೆ ಕುದಿದು ಕುದಿದು ಕಲ್ಲಾಗಿಯೇ ಉಳಿಯಿತು. ಗೌರಿಬಿದನೂರಲ್ಲಿ ಬೇಳೆ ಬೆಂದಿತು, ಬಾಡಿಗೆ ಕೈಗೆಟುಕಲಿಲ್ಲ. "ನೀರು ಸಿಕ್ಕಿದ ಕಡೆ ಮನೆ ಇಲ್ಲ, ಮನೆ ಸಿಕ್ಕಿದ ಕಡೆ ನೀರಿಲ್ಲ. ನೀನೇನು ಊರು ಹುಡುಕ್ತಾ ಇದೀಯೋ, ಅಳಿಯನ್ನ ಹುಡುಕ್ತಾ ಇದೀಯೋ?" ಎಂದು ನೂರುಲ್ಲಾ ರೇಗಿಸಿದ. ಅವಳು ನಗಲು ಹೋಗಿ ಕೆಮ್ಮಿದಳು. ಆ ಮೇಲೆ ಅವನು ತಮಾಷೆ ಮಾಡುವುದನ್ನೇ ಬಿಟ್ಟ.

ಕಡೆಗೆ ಚಿಕ್ಕಬಳ್ಳಾಪುರ. ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಹೆಂಚಿನ ಮನೆ, ಮುಂದೆ ಕಲ್ಲು ಜಗಲಿ, ಹಿತ್ತಲಲ್ಲಿ ಸಿಹಿನೀರ ಬಾವಿ. ಕಿಟಕಿ ತೆಗೆದರೆ ಚಿಕ್ಕ ರೈಲು ಏದುಸಿರು ಬಿಡುತ್ತ ಹೋಗುವುದು ಕಾಣುತ್ತಿತ್ತು. "ನೋಡ್ರಿ, ಅದಕ್ಕೂ ನನ್ನ ಹಾಗೇ ದಮ್ಮು," ಎಂದಳು ಮಹಮೂದಾ. ಮನೆಯೊಡತಿ ಅಕ್ಕಯಮ್ಮ ಪಕ್ಕದಲ್ಲೇ ಇದ್ದ ವಿಧವೆ, ಮಂಡಿಕಲ್ ಕಡೆಯ ರೈತರ ಮನೆಯವಳು. ಬೇಳೆಯ ಗಂಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ತಾನೇ ಒಲೆಯ ಮೇಲಿಟ್ಟಳು. ಬೇಳೆ ಬೆಣ್ಣೆಯಂತೆ ಬೆಂದಿತು. ಬಾಡಿಗೆಯೂ ಅವರ ಅಳತೆಯದೇ. ಅಕ್ಕಯಮ್ಮ ಬೀಗದ ಕೈಯನ್ನು ಅಲ್ಲೇ ಮಹಮೂದಾಳ ಅಂಗೈಯಲ್ಲಿಟ್ಟು, "ನಿಂಗೆ ಯಾವಾಗ ಅನುಕೂಲವೋ ಆವಾಗ ಬಾರಮ್ಮ. ನಂದೇನಿಲ್ಲ," ಎಂದಳು.

ಸಾಮಾನು ಕಟ್ಟುವಷ್ಟರಲ್ಲಿ ಆಷಾಢ ಬಂತು. ಅದೇ ಚಂದ್ರನಿಗೆ ಮೊಹರಂ ತಿಂಗಳೂ ಶುರುವಾಯಿತು. ಕಾಯಿಲೆಯವಳನ್ನು ಸಾಗಿಸುವುದಕ್ಕೆ ಮೊಹರಂ ಅಡ್ಡಿಯಿಲ್ಲ ಎಂದು ನೂರುಲ್ಲಾ ಮಸೀದಿಯಲ್ಲಿ ಕೇಳಿಕೊಂಡೇ ಬಂದಿದ್ದ. ಅವನನ್ನು ತಡೆದದ್ದು ಆಷಾಢ. ಹಿಂದೂಗಳ ಮನೆಯಲ್ಲಿ ಆ ತಿಂಗಳು ಯಾರೂ ಹೊಸದಾಗಿ ಬಂದು ಒಲೆ ಹಚ್ಚುವುದಿಲ್ಲ, ಅದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು.

"ಅಕ್ಕಯಮ್ಮನ್ನೇ ಒಂದು ಮಾತು ಕೇಳಿ ಬನ್ರಿ," ಎಂದಳು ಮಹಮೂದಾ.

"ಕೇಳಿದರೆ ಬೇಡ ಅನ್ನಕ್ಕಾಗದೆ ಹೂಂ ಅಂದುಬಿಡ್ತಾರೆ ಕಣೇ. ಆಮೇಲೆ ಆ ತಾಯಿ ಮನಸ್ಸಲ್ಲಿ ಕೊರಗು. ಒಂದು ತಿಂಗಳು ತಾನೆ?"

ಥೂ, ಈ ಮರ್ಯಾದೆಗೆ ಬೆಂಕಿ ಬೀಳಲಿ! ಎರಡು ಸ್ಟೇಷನ್ನಿನ ದಾರಿ, ಬಾಯಿ ಬಿಟ್ಟು ಒಂದು ಮಾತು, ಅಷ್ಟೂ ಅವನಿಂದಾಗಲಿಲ್ಲ. ಕೇಳದೆ ಇರುವುದೇ ದೊಡ್ಡತನ ಎಂದು ಅವನು ನಂಬಿದ್ದ. ಮಹಮೂದಾ ಕಟ್ಟಿದ ಟ್ರಂಕಿನ ಮೇಲೆ ಬೀದಿಬಾಗಿಲಿಗೆ ಮುಖ ಮಾಡಿ ಕೂತಳು, ಹಿಂದಿನ ಕೋಣೆಯ ಹಬೆ ಅಲ್ಲಿಗೆ ಸ್ವಲ್ಪ ಕಡಿಮೆ. "ಆಷಾಢ ಇನ್ನೆಷ್ಟಿದೆ?" ಎಂದು ದಿನಾ ಕೇಳುತ್ತಿದ್ದಳು. ಬೀಗದ ಕೈ ಅವಳ ಸೆರಗಿನ ತುದಿಯಲ್ಲೇ ಇರುತ್ತಿತ್ತು.

ತಿಂಗಳು ಮುಗಿಯಲು ಇನ್ನೂ ವಾರವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಆಟೋ ಆಸ್ಪತ್ರೆ ಮುಟ್ಟುವ ಮೊದಲೇ ಮಹಮೂದಾ ಅವನ ಭುಜದ ಮೇಲೆ ತಣ್ಣಗಾದಳು. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ತೆಗೆಯುವಾಗ ನೂರುಲ್ಲಾ ಚಿಕ್ಕ ಮಗುವಿನ ಹಾಗೆ ಗೋಳೋ ಎಂದು ಅತ್ತ.

ಆಷಾಢ ಕಳೆದ ಮಾರನೇ ದಿನ ಕೀಲಿ ಹಿಂದಿರುಗಿಸಲು ಹೋದ. ಆ ಮನೆಯ ಬಾಗಿಲು ತೆರೆದಿತ್ತು. ಜಗಲಿ ಸಾರಿಸಿತ್ತು. ಒಳಗೆ ತುಂಬಿದ ಕೊಡ, ಅದರ ಮೇಲೆ ಬೆಳಗಿದ ತಟ್ಟೆ.

"ಬನ್ನಿ ಸಾಬ್ರೇ, ಬನ್ನಿ!" ಅಕ್ಕಯಮ್ಮ ಒಳಗಿನಿಂದ ಓಡಿ ಬಂದಳು. "ಎರಡನೇ ಕೀಲಿ ಇತ್ತಲ್ಲ, ದಿನಾ ಗುಡಿಸಿ ನೀರು ತುಂಬ್ತಿದ್ದೆ. ಇವತ್ತು ಬಂದೇ ಬರ್ತೀರಿ ಅಂತ ಬೇಳೆ ಇಟ್ಟಿದೀನಿ. ಎಲ್ಲಿ ಮಹಮೂದಮ್ಮ? ಬಸ್‌ಸ್ಟ್ಯಾಂಡಲ್ಲೇ ಕೂರಿಸಿ ಬಂದ್ರಾ?"

ನೂರುಲ್ಲಾ ಕೀಲಿಯನ್ನು ಜಗಲಿಯ ಮೇಲಿಟ್ಟ. "ಹೋಗಿಬಿಟ್ಟಳಮ್ಮ," ಎಂದ.

ಅಕ್ಕಯಮ್ಮ ಅಲ್ಲೇ ಹೊಸಿಲ ಮೇಲೆ ಕೂತಳು. "ಅಯ್ಯೋ ನನ್ನ ತಾಯೀ! ನಾನೇ ಬಂದು ಕರ್ಕೊಂಡು ಬರಬೇಕಾಗಿತ್ತಲ್ಲೋ! ನಿಮ್ಮ ಬಾಬಯ್ಯನ ಹಬ್ಬದ ತಿಂಗಳು, ದುಃಖದಲ್ಲಿರ್ತೀರಿ. ಮೊಹರಂನಲ್ಲಿ ಬನ್ನಿ ಅಂದ್ರೆ ಇಲ್ಲ ಅನ್ನಕ್ಕಾಗದೆ ಬಂದುಬಿಡ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ."

ನೂರುಲ್ಲಾ ಅವಳ ಕಡೆ ತಿರುಗಿದ. "ಆಷಾಢ...?"

"ನಂಗ್ಯಾತರ ಆಷಾಢ ಸಾಬ್ರೇ? ನಮ್ಮೆಜಮಾನ್ರು ಹೋದ್ಮೇಲೆ ನಂಗೆ ಎಲ್ಲಾ ತಿಂಗಳೂ ಒಂದೇ. ನಂದೇನಿಲ್ಲ ಅಂತ ಅವತ್ತೇ ಅಂದೆನಲ್ಲಪ್ಪ!"

ಹೌದು, ಅಂದಿದ್ದಳು. ಅವಳು ಅಂದದ್ದನ್ನು ಅವನು ಬರೀ ಮರ್ಯಾದೆಯ ಮಾತು ಎಂದುಕೊಂಡಿದ್ದ. ತಾನೇ ಕೊಂದೆ ಎಂದು ಕೂಗಬೇಕೆನಿಸಿತು.

ನೂರುಲ್ಲಾ ಜಗಲಿಯ ತುದಿಗೆ ಕೂತ. ಚಿಕ್ಕ ರೈಲು ಕಿಟಕಿಯಾಚೆ ಹೋಯಿತು. ಒಳಗೆ ಪಾತ್ರೆಯ ಮುಚ್ಚಳ ಕುದಿಗೆ ತಟತಟ ಎನ್ನುತ್ತಿತ್ತು. ಅಕ್ಕಯಮ್ಮ ಏಳಲಿಲ್ಲ. ನೂರುಲ್ಲಾನೇ ಎದ್ದು ಹೋಗಿ, ಒಲೆಯ ಮುಂದೆ ಕೂತು, ಸೌಟಿನಿಂದ ಒಂದು ಬೇಳೆ ತೆಗೆದು ಎರಡು ಬೆರಳ ನಡುವೆ ಒತ್ತಿದ.

"ಬೆಂದಿದೆ ಕಣೇ," ಎಂದ ಖಾಲಿ ಮನೆಗೆ.