ನಕ್ಷೆಯ ಮೇಲಿನ ಸ್ವಾತಿ

ಕದಲಿತು—ಹೌದು, ಕದಲಿತು, ಕಣ್ಣಿನ ಭ್ರಮೆಯಲ್ಲ, ನಕ್ಷೆಯ ಮೇಲೆ ಸ್ವಾತಿಯ ಗುಂಡು ಫೋಟೋ ಮೇಗರವಳ್ಳಿ ಬಿಟ್ಟು ರಸ್ತೆಯ ಗೆರೆ ಹಿಡಿದು ಇತ್ತಲೇ ಬರುತ್ತಿದೆ, ಬರದೆ ಮಗಳು ಇನ್ನೆಲ್ಲಿಗೆ ಹೋದಾಳು, ಎಂದುಕೊಳ್ಳುತ್ತ ಶ್ಯಾಮಲಾ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸಿದಳು. ಫೋನ್ ಮಾತ್ರ ಎತ್ತುತ್ತಿಲ್ಲ, ಬಸ್ಸಿನ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ, ಆಗುಂಬೆಯ ತಂಗಿ ಸುಚಿತ್ರಾ ಹೇಳಿದಳಲ್ಲ, ನಾನೇ ಬಸ್ಸು ಹತ್ತಿಸಿದೆ ಕಣೇ ಅಕ್ಕಾ, ಕಿಟಕಿ ಪಕ್ಕ ಸೀಟೂ ಸಿಕ್ತು, ಎಂತಕ್ಕೆ ಹಿಂಗೆ ಹೆದರ್ತೀಯ—ಹೆದರದೆ ಇರಲು ಹೆತ್ತ ಹೊಟ್ಟೆ ಬಿಡಬೇಕಲ್ಲ. ಮಗಳ ಆ ಫೋನೇ ಅಲ್ಲವೇ ಮನೆ ಬೆಳಗಿದ್ದು, ಬ್ಲೌಸ್ ಹೊಲಿಯುವವಳಿಗೆ ಮಗಳನ್ನು ಟ್ಯೂಷನ್ನಿಗೆ ಕಳಿಸುವ ತಾಕತ್ತೆಲ್ಲಿತ್ತು, ಯಾವುದೋ ಊರಿನ ಮೇಷ್ಟ್ರು ಅದರೊಳಗೆ ಕೂತು ಕೆಮಿಸ್ಟ್ರಿ ಹೇಳಿಕೊಟ್ಟರು, ಹುಡುಗಿ ಕಾಲೇಜಿಗೇ ಮೊದಲು ಬಂದಳು, ಆಯುಧಪೂಜೆಯ ದಿನ ಹೊಲಿಗೆ ಮಿಷನ್ನಿನ ಪಕ್ಕ ಆ ಫೋನನ್ನೂ ಇಟ್ಟು ಕುಂಕುಮ ಹಚ್ಚಿದ್ದಳು ಶ್ಯಾಮಲಾ, ಅದರೊಳಗೆ ಪೂರ್ಣೇಶ್ ಎಂಬವನೂ ಬಂದು ಕೂತಿದ್ದಾನೆಂದು ಯಾರಿಗೆ ಗೊತ್ತಿತ್ತು, ಬೈಕಿಗೆ ಒರಗಿದ ಫೋಟೋ, ಕಪ್ಪು ಕನ್ನಡಕ, ಊರು ಒಮ್ಮೆ ಉಡುಪಿ ಒಮ್ಮೆ ಸಾಗರ, ಯಾರೇ ಅವನು, ಫ್ರೆಂಡ್ ಅಮ್ಮ, ಕಣ್ಣಾರೆ ನೋಡಿದೀಯಾ, ನೋಡೋದೆಂತಕ್ಕೆ, ದಿನಾ ಮಾತಾಡ್ತೀವಲ್ಲ, ಅಂದವಳ ಮುಖದಲ್ಲಿ ಒಂಚೂರೂ ಅಳುಕಿಲ್ಲ. ಫೋನು ಕಿತ್ತುಕೊಂಡರೆ ಓದು ಹೋಯಿತು, ಬಿಟ್ಟರೆ ಮಗಳು ಹೋದಳು, ಅತ್ತ ದರಿ ಇತ್ತ ಪುಲಿ. ಆಗಲೇ ಪಕ್ಕದಂಗಡಿಯ ದುರ್ಗೇಶ್, ಹೆದರ್ಬೇಡಿ ಅಕ್ಕಾ, ಅವ್ಳು ಎಲ್ಲಿದ್ರೂ ನಿಮ್ಮ ಮೊಬೈಲಲ್ಲಿ ಕಾಣೋ ಹಂಗೆ ಮಾಡ್ಕೊಡ್ತೀನಿ ಅಂದದ್ದು, ಕದ್ದು ಮಾಡಿದ್ದಲ್ಲ, ಅವಳೆದುರಿಗೇ ಮಾಡಿದ್ದು, ನೋಡ್ಕೋ ಅಮ್ಮಾ, ನೋಡ್ತಾನೇ ಇರು, ಅಂದು ನಕ್ಕಿದ್ದಳು—ಯಾಕೆ ನಕ್ಕಳು—

ಅಗೋ ಬಂತು, ಆಗುಂಬೆ ಕಡೆಯ ಬಸ್ಸು, ನಕ್ಷೆಯ ಮೇಲಿನ ಮುಖವೂ ಬಸ್‌ಸ್ಟ್ಯಾಂಡಿಗೇ ಬಂದು ನಿಂತಿತು, ತಾಯಿ ಸಿಗಂದೂರು ಚೌಡೇಶ್ವರಿ, ನಿನಗೆ ಉಡಿ ತುಂಬುತ್ತೇನೆ, ಬೈಯುವುದಿಲ್ಲ ಇವತ್ತು, ಮಸಾಲೆದೋಸೆ ಕೊಡಿಸಿ ಕರಕೊಂಡು ಹೋಗುತ್ತೇನೆ. ಕೊಡೆ ಹಿಡಿದ ಮುದುಕ ಇಳಿದ, ಮಗು ಎತ್ತಿಕೊಂಡವಳು ಇಳಿದಳು, ಆಮೇಲೆ ಬಾಗಿಲು ಖಾಲಿ. ಇನ್ಯಾರೂ ಇಲ್ಲ ಕಣಮ್ಮ, ಅಂದ ಕಂಡಕ್ಟರ್, ನೀಲಿ ಚೂಡಿದಾರದ ಹುಡುಗೀನಾ, ಇದ್ಲು, ತೀರ್ಥಹಳ್ಳಿಗೇ ಟಿಕೆಟ್ ತಗೊಂಡಿದ್ಲು, ಮೇಗರವಳ್ಳಿ ದಾಟಿ ಸ್ವಲ್ಪ ಮುಂದೆ ಇಳಿದು ಹೋದ್ಲಲ್ಲ, ಅಲ್ಲೊಂದು ಬೈಕ್ ನಿಂತಿತ್ತು. ಇಲ್ಲ, ಇವನಿಗೆ ಗೊತ್ತಿಲ್ಲ, ಒಳಗೇ ಇದ್ದಾಳೆ, ನಿದ್ದೆ ಹೋಗಿರಬೇಕು, ಶ್ಯಾಮಲಾ ಮತ್ತೆ ಫೋನ್ ಒತ್ತಿದಳು, ಬಸ್ಸಿನೊಳಗೆ ರಿಂಗಾಯಿತು, ನೋಡಿ ಇದ್ದಾಳೆ ಅಂದೆನಲ್ಲ—ಕಂಡಕ್ಟರ್ ಕಿಟಕಿ ಪಕ್ಕದ ಸೀಟಿನ ಸಂದಿಯಿಂದ ಸ್ವಾತಿಯ ಫೋನನ್ನು ಎತ್ತಿಕೊಂಡು ಬಂದ, ಮರ್ತು ಹೋಗಿರ್ಬೇಕು ಪಾಪ. ಊಟದ ತಟ್ಟೆಯ ಮುಂದೂ ಫೋನು ಕೆಳಗಿಡದವಳು ಮರೆಯುವುದುಂಟೇ, ಪೊಲೀಸರು ಎಲ್ಲಿ ಎಂದು ಕೇಳುತ್ತಾರೆ, ಯಾವ ರಸ್ತೆ ಎಂದು ಕೇಳುತ್ತಾರೆ, ಏನು ತೋರಿಸಲಿ, ತನ್ನ ಮೊಬೈಲಿನ ನಕ್ಷೆಯಲ್ಲಿ ಅದೇ ಗುಂಡು ಫೋಟೋ, ಎರಡು ಜಡೆ, ಆ ನಗು, ತಾನು ನಿಂತ ಜಾಗದ ಚುಕ್ಕಿಗೆ ಒತ್ತಿಕೊಂಡು, ಇಲ್ಲೇ, ಪಕ್ಕದಲ್ಲೇ, ಅಂಗೈಯಲ್ಲೇ, ನಗುತ್ತ, ಇಲ್ಲೇ—